ಮೆಟ್ಟಿಲ ಕೆಳಗಿನ ವಿಶ್ರಾಂತಿ

ವಾರ್ನಿಶ್, ಹೌದು, ವಾರ್ನಿಶ್ಶೇ, ಮೂಗಿಗೆ ಹೊಡೆಯುವ ಹಾಗೆ ಬಳಿದಿದ್ದಾರೆ, ಈ ಕಂಬಕ್ಕೆ ಈ ವಾಸನೆ ಎಲ್ಲಿತ್ತು, ಸೀಮೆಎಣ್ಣೆ ಸ್ಟೋವಿನ ವಾಸನೆ ಇತ್ತು, ಒದ್ದೆ ಬಟ್ಟೆಯ ವಾಸನೆ ಇತ್ತು, ಏಳೆಂಟು ಬಾಡಿಗೆ ಸಂಸಾರಗಳ ಒಗ್ಗರಣೆ ಮರದೊಳಕ್ಕೇ ಇಳಿದು ಕೂತಿತ್ತು, ಅದೆಲ್ಲವನ್ನೂ ಉಜ್ಜಿ ಕೆರೆದು ತೆಗೆದು ಈಗ ಮದುವೆ ಛತ್ರದ ಕುರ್ಚಿಯ ಹಾಗೆ ಮಿರಮಿರ ಮಿಂಚಿಸಿ ನಿಲ್ಲಿಸಿದ್ದಾರೆ — ಶಿವಬಸವ್ವ ಚಪ್ಪಲಿ ಬಿಡಲೆಂದು ಕಂಬಕ್ಕೆ ಕೈ ಊರಿದಳು, ಮಂಡಿ ಈಚೆಗೆ ಮಾತು ಕೇಳುವುದಿಲ್ಲ, ಊರಿದ್ದೇ ತಡ ನೀಲಿ ಅಂಗಿಯ ಕಾವಲುಗಾರ ಓಡಿ ಬಂದ, ಆಜೀ, ಕಂಬ ಮುಟ್ಟಬಾರದು, ಅಲ್ಲಿ ಬರೆದಿದೆ ನೋಡಿ. ಮುಟ್ಟಬೇಡಿ ಅಂತೆ. ಈ ಕಂಬಕ್ಕೆ ಅವ್ವನ ಹಳೇ ಸೀರೆ ಕಟ್ಟಿ ಜೋಕಾಲಿ ಆಡಿದವಳಿಗೆ ಮುಟ್ಟಬೇಡಿ ಅಂತೆ, ಇರಲಿ, ಈ ಮನೆಯಲ್ಲಿ ಮುಟ್ಟಬೇಡಿ ಅನ್ನುವುದೇನು ಹೊಸದೇ, ಬರೆದು ಹಾಕಿದ್ದಷ್ಟೇ ಹೊಸದು. ಅತ್ತ ತಮ್ಮ ಚನ್ನವೀರ ಟಿಕೆಟ್ ಕಿಟಕಿಗೆ ತಲೆ ತೂರಿಸಿ, ನಾವು ಪಾಹುಣೆ, ಪಾಹುಣೆ ಎಂದು ಮರಾಠಿಯಲ್ಲಿ ಸಾರುತ್ತಿದ್ದಾನೆ, ನೆಂಟರಂತೆ, ಹುಟ್ಟಿ ಆಡಿ ಬೆಳೆದ ಮನೆಗೆ ತಾವೇ ನೆಂಟರು, ಅದನ್ನು ಹೇಳುವಾಗ ಅವನ ಮುಖ ನೋಡಬೇಕು, ಹಿಗ್ಗಿ ಹೀರೇಕಾಯಿ ಆಗಿದ್ದಾನೆ, ಅಪ್ಪನ ಬ್ಯಾಡಗಿ ಮೆಣಸಿನಕಾಯಿ ಅಂಗಡಿಯನ್ನು ಇವತ್ತಿಗೂ ನಡೆಸುವವನು ಅಂಗಡಿಗೆ ಬಾಗಿಲು ಹಾಕಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದಾನೆ, ಯಾಕೆಂದರೆ ಸರದಾರರ ಕಾಲದ ಈ ದೊಡ್ಡ ಮನೆಯಲ್ಲಿ, ಈ ವಾಡೆಯಲ್ಲಿ ಬಾಳಿದವರ ಹೆಸರನ್ನು ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಕೆತ್ತಿಸುತ್ತಾರೆ, ಅದರಲ್ಲಿ ಅಪ್ಪ ಗೂಳಪ್ಪನವರ ಹೆಸರೂ ಬರುತ್ತದೆ. ಮ್ಯೂಸಿಯಂ ನೋಡಿಕೊಳ್ಳುವ ಮಂಜರಿ ಫೋನಿನಲ್ಲಿ ಹಾಗೆ ಹೇಳಿದ್ದಳು, ಒಂದೊಂದು ಕೋಣೆಯಲ್ಲೂ ಒಂದು ಗುಂಡಿ ಇರುತ್ತದೆ ಕಾಕೂ, ನೋಡಲು ಬಂದವರು ಒತ್ತಿದರೆ ಅಲ್ಲಿ ಬಾಳಿದವರ ಧ್ವನಿ ಕೇಳಬೇಕು, ಬಾಡಿಗೆಯವರಲ್ಲಿ ನಮಗೆ ಸಿಕ್ಕವರು ನೀವೊಬ್ಬರೇ, ಎರಡು ನಿಮಿಷ ನೆನಪು ಹೇಳಿ, ಈ ಮನೆ ಇರುವವರೆಗೂ ನಿಮ್ಮ ಮಾತು ಇರುತ್ತದೆ. ಇರುವವರೆಗೂ. ಆ ಒಂದು ಮಾತಿಗೆ ಶಿವಬಸವ್ವ ಪುಣೆಯ ಆ ತುದಿಯ ಮಗರಪಟ್ಟಾದಿಂದ ರಿಕ್ಷಾ ಹತ್ತಿದ್ದು, ಇಲ್ಲದಿದ್ದರೆ ಈ ಗಲ್ಲಿಗೆ ಯಾರು ಕಾಲಿಡುತ್ತಿದ್ದರು, ಅವ್ವ ಬದುಕಿರುವ ತನಕ ಇಡಲಿಲ್ಲ, ಯಾವ ರಿಕ್ಷಾದಲ್ಲಿ ಕೂತರೂ, ಆ ಗಲ್ಲಿ ಬ್ಯಾಡಪಾ, ಸುತ್ತ ಹಾಕಿ ಹೊಡಿ ಅನ್ನುತ್ತಿದ್ದಳು.

ಬನ್ನಿ ಕಾಕೂ, ಬನ್ನಿ ಕಾಕಾ, ಮಂಜರಿ ಬಂದಳು, ಚುರುಕಾದ ಹುಡುಗಿ, ಹಳೇ ಕಟ್ಟಡ ಕಾಪಾಡುವ ವಿದ್ಯೆಯನ್ನೇ ಓದಿದವಳಂತೆ, ಕಂಬ ತೊಲೆ ಜಂತೆ ಎಲ್ಲವನ್ನೂ ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ, ಮರಕ್ಕೆ ಮರ ಕಚ್ಚಿಸಿ ಕಟ್ಟಿದ ಮನೆ ಕಾಕೂ ಇದು, ಎಂಥ ಜಾಣರು, ಹೂಂ, ಜಾಣರು, ಮಳೆಗಾಲದಲ್ಲಿ ಆ ಜಾಣರ ಮಾಡು ಸೋರಿ ನಮ್ಮ ಹಾಸಿಗೆ ನೆನೆದರೆ ಮೇಲೆ ಹತ್ತಿ ಹಂಚು ಸರಿಸುತ್ತಿದ್ದವನು ಅಪ್ಪ — ಇಲ್ಲಿ ನಳ ಇತ್ತು, ನಳದ ಮುಂದೆ ಸಾಲು ಕೊಡ, ಕೊಡಕ್ಕೊಂದು ಜಗಳ, ನಳ ಕಿತ್ತು ತುಳಸಿಕಟ್ಟೆ ಕಟ್ಟಿದ್ದಾರೆ, ಅಲ್ಲಿ ಸಿಂಪಿಗನ ಹೊಲಿಗೆ ಮಷಿನು ಇತ್ತು, ಇಲ್ಲಿ ಅಂಚೆ ಕಚೇರಿಯವರ ಸಂಸಾರ ಇತ್ತು, ಆ ಜಾಗದಲ್ಲೆಲ್ಲ ಈಗ ಪಲ್ಲಕ್ಕಿ, ಕತ್ತಿ, ಗುರಾಣಿ, ಯಾರೋ ಸರದಾರನ ಪಗಡಿ, ಬಾಡಿಗೆಯವರು ಇಲ್ಲಿ ಇದ್ದೇ ಇರಲಿಲ್ಲ ಅನ್ನುವ ಹಾಗೆ, ಸರದಾರರು ನಿನ್ನೆ ತಾನೆ ಕುದುರೆ ಇಳಿದು ಊಟಕ್ಕೆ ಹೋದ ಹಾಗೆ. ಮತ್ತೆ ಮೆಟ್ಟಿಲು. ಮೆಟ್ಟಿಲ ಕೆಳಗೆ ಆ ಗಿಡ್ಡ ಬಾಗಿಲು, ಬಾಗಿಲ ಮುಂದೆ ಕೆಂಪು ಹಗ್ಗ, ಪಕ್ಕದಲ್ಲಿ ಹಲಗೆ. ನಿಮ್ಮ ಧ್ವನಿ ಈ ಕೋಣೆಗೇ ಕಾಕೂ, ಅಂದಳು ಮಂಜರಿ. ಶಿವಬಸವ್ವ ಕನ್ನಡಕ ಏರಿಸಿ ಓದಿದಳು, ನಂಬದೆ ಇನ್ನೊಮ್ಮೆ ಓದಿದಳು. ಸ್ತ್ರೀಯರ ವಿಶ್ರಾಂತಿ ಕೋಣೆ. ತಿಂಗಳಲ್ಲಿ ಮೂರು ದಿನ ಮನೆಯ ಹೆಂಗಸರು ಮನೆಗೆಲಸದಿಂದ ಬಿಡುವು ಪಡೆದು ಹಾಡು, ಹೆಣಿಗೆ, ಪಗಡೆಯಾಟಗಳಲ್ಲಿ ಇಲ್ಲಿ ಕಾಲ ಕಳೆಯುತ್ತಿದ್ದರು. ಒಳಗೆ ಬಿಳಿ ಗಾದಿ, ಒರಗಲು ಬಿಳಿ ಲೋಡು, ಹಿತ್ತಾಳೆ ದೀಪ, ಹಸಿರು ಸೀರೆ ಉಟ್ಟ ಗೊಂಬೆಯೊಂದು ಕೈಯಲ್ಲಿ ದಾಳ ಹಿಡಿದು ಹಲ್ಲು ಕಿಸಿಯುತ್ತಿದೆ. ಬಿಡುವು! ಲೋಡು! ಅವ್ವನ ಬೆನ್ನು ಆ ಮೂರು ದಿನ ಒರಗಿದ್ದು ಸುಣ್ಣ ಉದುರುವ ಗೋಡೆಗೆ, ಕೂತದ್ದು ಅಂಗಡಿಯಿಂದ ತಂದ ಖಾಲಿ ಮೆಣಸಿನಕಾಯಿ ಚೀಲದ ಮೇಲೆ, ಎಷ್ಟು ಝಾಡಿಸಿದರೂ ಅದರ ಘಾಟು ಹೋಗುತ್ತಿರಲಿಲ್ಲ, ಅವ್ವ ಸೀನುತ್ತಿದ್ದಳು, ಒಂದರ ಹಿಂದೊಂದು, ಬಾಯಿಗೆ ಸೆರಗು ತುರುಕಿಕೊಂಡರೂ ಕೇಳುತ್ತಿತ್ತು, ಮೆಟ್ಟಿಲಡಿಯಿಂದ ಸೀನು ಕೇಳಿತೆಂದರೆ ಇಡೀ ವಾಡೆಗೆ ಗೊತ್ತು, ಗೂಳಪ್ಪನ ಹೆಂಡತಿ ಹೊರಗಾಗಿದ್ದಾಳೆ, ಮಾಳಿಗೆಯ ಗಂಡಸರಿಗೂ ಗೊತ್ತು, ಸಿಂಪಿಗನಿಗೂ ಗೊತ್ತು, ಹೆಂಗಸಿನ ಮೈಯ ಮಾತು ಊರಿಗೆಲ್ಲ ಡಂಗುರ, ಇದು ಇವರಿಗೆ ಪಗಡೆಯಾಟ.

ಅದೂ ಯಾರಿಗೆ, ಲಿಂಗ ಕಟ್ಟಿದವರಿಗೆ. ಅವ್ವನ ತವರಿನಲ್ಲಿ ಆ ಮೂರು ದಿನ ಎಂಬ ಮಾತೇ ಇರಲಿಲ್ಲ, ಕೊರಳಲ್ಲಿ ಲಿಂಗ ಇದ್ದ ಮೇಲೆ ಮೈಗೆ ಎಲ್ಲಿಯ ಮೈಲಿಗೆ, ಆ ದಿನಗಳಲ್ಲೂ ಪೂಜೆ ಮಾಡಿ, ರೊಟ್ಟಿ ಬಡಿದು, ಮನೆಗೆ ಬಂದ ಜಂಗಮರಿಗೆ ಬಡಿಸಿ ಬೆಳೆದವಳು, ಅವಳು ಪುಣೆಗೆ ಬಂದ ಮೊದಲ ತಿಂಗಳೇ ವಾಡೆಯ ಒಡತಿ ಮಾಲಕೀಣಬಾಯಿ ನಳದ ಹತ್ತಿರ ನಿಲ್ಲಿಸಿ ಹೇಳಿದ್ದಳಂತೆ, ನಿಮ್ಮ ಪದ್ಧತಿ ನಿಮ್ಮೂರಲ್ಲಿ, ನನ್ನ ವಾಡೆಯಲ್ಲಿ ನನ್ನ ಮಡಿ, ಎಲ್ಲರಿಗೂ ಇರುವುದು ಒಂದೇ ನಳ, ಆಗದಿದ್ದರೆ ಕೋಣೆ ಬಿಡಿ. ಮತ್ತೆ ಅಪ್ಪ? ಅಂಗಡಿಯ ಗಾದಿಯ ಮೇಲೆ ಕೂತು ಬಂದ ಗಿರಾಕಿಗಳಿಗೆಲ್ಲ, ನಮ್ಮಲ್ಲಿ ಸೂತಕ ಇಲ್ಲರಿ, ಹೆಣ್ಣು ಗಂಡು ಅನ್ನೂ ಭೇದ ಇಲ್ಲರಿ ಎಂದು ಉಪದೇಶ ಮಾಡುತ್ತಿದ್ದ ಗೂಳಪ್ಪ, ಮನೆಗೆ ಬಂದು ಹೆಂಡತಿಗೆ ಅಂದದ್ದು, ಮೂರ ದಿನಾ ಅಲ್ಲೇನು, ಸುಮ್ನ ಕುಂದ್ರು, ಪೇಟಿಯಾಗ ಇಂಥಾ ಜಾಗಾ ಮತ್ತ ಸಿಗಂಗಿಲ್ಲ. ಕುಂದ್ರು ಅಂದವನು ಒಂದು ದಿನ ಆ ಚೀಲದ ಮೇಲೆ ತಾನು ಕೂತು ನೋಡಬೇಕಿತ್ತು. ಅವ್ವ ಕೂತಳು, ಆದರೆ ಬೆಳಗಿನ ಲಿಂಗಪೂಜೆ ಬಿಡಲಿಲ್ಲ, ಬಿಡಲೇಬೇಕೆಂದು ಮಾಲಕೀಣಬಾಯಿ ತಾಕೀತು ಮಾಡಿದ್ದಳು, ಅದೊಂದು ಮಾತು ಅವ್ವ ಕೇಳಲಿಲ್ಲ. ಪೂಜೆಗೆ ನೀರು ಬೇಕು, ಕೋಣೆಯೊಳಗೆ ಕೊಡ ಇಡುವ ಹಾಗಿಲ್ಲ, ಮಕ್ಕಳು ಕೊಡುವ ಹಾಗಿಲ್ಲ, ಬೆಳಗಾದರೆ ಮಾಲಕೀಣಬಾಯಿಯೇ ತಂಬಿಗೆ ಹಿಡಿದು ಬಂದು, ಮಡಿಸೀರೆಯ ನೆರಿಗೆ ಎತ್ತಿಕೊಂಡು, ಮುಖ ಆ ಕಡೆ ತಿರುಗಿಸಿ, ಕುಡಿಯಲು ಅಂತ ಎದೆಮಟ್ಟದಿಂದ ನೀರು ಸುರಿಯುತ್ತಿದ್ದಳು, ಹೊಸ್ತಿಲಾಚೆ ಅವ್ವನ ಅಂಗೈ ಚಾಚುತ್ತಿತ್ತು, ಎಡಗೈ, ಕುಡಿಯುವವರು ಯಾರಾದರೂ ಎಡಗೈ ಚಾಚುತ್ತಾರೆಯೇ, ಅಂಗೈ ನಡುವೆ ಕರ್ರಗೆ, ನೆಲ್ಲಿಕಾಯಿಯಷ್ಟು, ಲಿಂಗ. ಮೆಟ್ಟಿಲ ಮೇಲೆ ಪಾಟಿ ಹಿಡಿದು ಕೂತ ಪುಟ್ಟ ಶಿವಬಸವ್ವನಿಗೆ ಕಾಣುತ್ತಿತ್ತು, ನೀರು ಲಿಂಗದ ಮೇಲೆ ಬಿದ್ದು ಬೆರಳ ಸಂದಿಯಿಂದ ಇಳಿಯುವುದು, ಅವ್ವನ ಮುಖ ಕಾಣುತ್ತಿರಲಿಲ್ಲ, ಬರೀ ಅಂಗೈ. ಅವ್ವಾ, ಬಾಯಿಯವರು ನೋಡಿದ್ರ ಏನ್ ಮಾಡ್ತಿ? ನೋಡಂಗಿಲ್ಲ ಬಿಡವಾ, ನೋಡಿದ್ರ ಅವರಿಗೇ ಮೈಲಿಗಿ ಆಗ್ತದಲ್ಲ. ಇದನ್ನು ಈಗ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ನಿಮ್ಮ ತಾಯಿ ಎಂಥ ಜಾಣೆ ಅನ್ನುತ್ತಾರೆ, ಹೊಗಳಿ ಕೈ ತೊಳೆದುಕೊಳ್ಳುತ್ತಾರೆ, ಆ ಜಾಣತನ ಅವಳಿಗೆ ಬೇಕಾಗಲೇಬಾರದಿತ್ತು, ತನ್ನ ದೇವರಿಗೆ ನಾಲ್ಕು ಹನಿ ನೀರು ಹಾಕಲು ಕಳ್ಳಿಯ ಹಾಗೆ ಕೈ ಚಾಚುವ ಗತಿ ಬರಬಾರದಿತ್ತು, ಚಳಿಗಾಲದಲ್ಲಿ ಒಡೆದು ರಕ್ತ ಜಿನುಗುತ್ತಿದ್ದ ಆ ಅಂಗೈ, ಅದಕ್ಕೆ ಇವರು ದಾಳ ಕೊಟ್ಟಿದ್ದಾರೆ.

ಅಕ್ಕಾ, ಭಾಳ ಛಂದ ಇಟ್ಟಾರಲ್ಲ, ಚನ್ನವೀರ ಹಗ್ಗದ ಮೇಲೆ ಬಾಗಿ ಗೊಂಬೆಯ ಫೋಟೋ ತೆಗೆಯುತ್ತಿದ್ದಾನೆ. ಛಂದ ಏನೋ, ಅವ್ವ ಕುಂತ ಜಾಗಾ ಅದು. ಗೊತ್ತದ, ಆದ್ರ ಈಗ ಅವ್ವನೂ ಇಲ್ಲ, ಬಾಯಿಯವರೂ ಇಲ್ಲ, ಹಳೇದು ಕೆದಕಿ ಏನ್ ಸಿಗ್ತದ, ನಾಕ್ ಛಲೋ ಮಾತು ಹೇಳಿ ಮುಗಸು, ಗಣಪತಿ ಹಬ್ಬದಾಗ ಬಾಯಿಯವರು ನಮಗ ಮೋದಕಾ ಕೊಡ್ತಿದ್ರಲ್ಲ, ಅದನ್ನ ಹೇಳು. ಕೊಡ್ತಿದ್ರು, ಕೈಯಾಗ ಇಡ್ತಿದ್ರೋ ಮ್ಯಾಲಿಂದ ಬಿಡ್ತಿದ್ರೋ? ಚನ್ನವೀರನ ಫೋನು ಕೆಳಗಿಳಿಯಿತು, ಮ್ಯಾಲಿಂದ ಅಕ್ಕಾ, ನಾವು ಕ್ಯಾಚ್ ಹಿಡೀತಿದ್ವಿ, ನಾ ಅದನ ಆಟಾ ಅನ್ಕೊಂಡಿದ್ದೆ. ಅರವತ್ತು ಮುಟ್ಟಿದ ಗಂಡಸು, ಈಗ ಹೊಳೆಯಿತು ಇವನಿಗೆ, ಒಂದು ಗಳಿಗೆ ಮುಖ ಸಣ್ಣದಾಯಿತು, ಅಷ್ಟೇ, ಮತ್ತೆ ಅಂಗಡಿಕಾರನ ಬುದ್ಧಿ ಎದ್ದಿತು, ಆದ್ರೂ ಅಕ್ಕಾ, ಅಪ್ಪನ ಹೆಸರು ಫಲಕದಾಗ ಬರೂದು ಸಣ್ಣ ಮಾತಲ್ಲ, ಈ ಹುಡುಗಿ ಮನಸ್ಸು ಮುರೀಬ್ಯಾಡ. ಅಪ್ಪನ ಹೆಸರು ಹಿತ್ತಾಳೆಯಲ್ಲಿ. ಕುಂದ್ರು ಅಂದವನ ಹೆಸರು ಬಾಗಿಲಲ್ಲಿ ಹೊಳೆಯುತ್ತದೆ, ಕೂತವಳಿಗೆ ಲೋಡು, ಶರಣಮ್ಮ ಅನ್ನುವ ಅವ್ವನ ಹೆಸರನ್ನು ಇವರು ಯಾರೂ ಕೇಳಿಯೂ ಇಲ್ಲ.

ಮಂಜರಿ ಹೊಸ್ತಿಲ ಮೇಲೆ ಅಂಗೈಯಗಲದ ಧ್ವನಿಮುದ್ರಣ ಯಂತ್ರ ಇಟ್ಟು ಗುಂಡಿ ಒತ್ತಿದಳು, ಕೆಂಪು ದೀಪ ಹತ್ತಿತು, ಹೇಳಿ ಕಾಕೂ, ನಗುನಗುತ್ತಾ ಹೇಳಿ. ಶಿವಬಸವ್ವ ಹೇಳಿದಳು, ಮರಾಠಿಯಲ್ಲೇ ಹೇಳಿದಳು, ಮರಾಠಿ ಶಾಲೆಯಲ್ಲಿ ಕಲಿತವಳು, ಎಲ್ಲೂ ತಡವರಿಸಲಿಲ್ಲ, ಚೀಲ ಹೇಳಿದಳು, ಸೀನು ಹೇಳಿದಳು, ತಂಬಿಗೆ ಹೇಳಿದಳು, ಹೇಳುತ್ತಿದ್ದ ಹಾಗೇ ಮಂಜರಿಯ ಬೆರಳು ಮೆಲ್ಲಗೆ ಹೋಗಿ ಯಂತ್ರ ಆರಿಸಿತು. ಕಾಕೂ, ನೀವು ಹೇಳುವುದು ನಿಜವೇ ಇರಬಹುದು, ಆದರೆ ಇಲ್ಲಿಗೆ ಶಾಲೆ ಮಕ್ಕಳು ಬರುತ್ತಾರೆ, ವಾಡೆ ಕೊಟ್ಟವರ ಮೊಮ್ಮಕ್ಕಳು ಬರುತ್ತಾರೆ, ಹಲಗೆಯ ಬರಹ ಅವರೇ ಒಪ್ಪಿದ್ದು, ಇದೇ ಧ್ವನಿಯಲ್ಲಿ ಒಂದು ಸಂತೋಷದ ನೆನಪು ಹೇಳಿಬಿಡಿ, ಆ ಮೂರು ದಿನ ಅಮ್ಮನಿಗೆ ಕೆಲಸ ಇರುತ್ತಿರಲಿಲ್ಲ ಅಲ್ಲವೇ, ಒಂದಿಷ್ಟು ವಿಶ್ರಾಂತಿ ಸಿಗುತ್ತಿತ್ತಲ್ಲವೇ. ಹುಡುಗಿ ಕೆಟ್ಟವಳಲ್ಲ, ಅದಕ್ಕೇ ಮೈ ಇನ್ನಷ್ಟು ಉರಿಯುತ್ತದೆ, ಬೈದವರಿಗೆ ತಿರುಗಿ ಬೈಯಬಹುದು, ಲೋಡು ಹಾಸಿದವರಿಗೆ ಏನನ್ನಬೇಕು, ತನ್ನ ಬಾಯಿಂದಲೇ ವಿಶ್ರಾಂತಿ ಅನ್ನಿಸಿ ಅವ್ವನನ್ನು ಮತ್ತೊಮ್ಮೆ ಈ ಕೋಣೆಗೆ ನೂಕಬೇಕಂತೆ, ಈ ಮನೆ ಇರುವವರೆಗೂ — ಶಿವಬಸವ್ವ ಗೋಡೆಗೆ ಕೈ ಊರಿದಳು, ಮಂಜರಿಗೆ ಗಾಬರಿ, ಕಾಕೂ, ಕೂತುಕೊಳ್ಳಿ, ನೀರು ಕುಡಿಯಿರಿ, ಎಂದು ಚೀಲದಿಂದ ಬಾಟಲಿ ತೆಗೆದಳು. ನೀರು. ಹೌದು, ನೀರು. ಶಿವಬಸವ್ವ ಹಗ್ಗ ಎತ್ತಿ ಅಡಿಯಿಂದ ನುಸುಳಿದಳು, ತಲೆ ತಗ್ಗಿಸಿ ಒಳಗೆ ಹೋದಳು, ಲೋಡನ್ನು ಕಾಲಿನಿಂದ ಸರಿಸಿದಳು, ಗಾದಿ ಮಡಚಿದಳು, ಗೊಂಬೆ ಮಗುಚಿ ಬಿತ್ತು, ಬೀಳಲಿ, ಬರೀ ಕಲ್ಲಿನ ಮೇಲೆ ಕೂತಾಗ ಮಂಡಿ ಪ್ರಾಣ ಹೋಗುವ ಹಾಗೆ ನೊಂದಿತು, ಹೊರಗೆ ಕಾವಲುಗಾರ ಕೂಗುತ್ತಿದ್ದ, ಚನ್ನವೀರ ಹಗ್ಗದ ಹತ್ತಿರ ಬಂದ, ಅಕ್ಕಾ, ಮಂದಿ ನೋಡಾಕತ್ತಾರ, ಹೊರಗ ಬಾ. ನೋಡ್ಲಿ ಬಿಡೋ, ನೋಡಾಕಂತ ಟಿಕೀಟು ತಗೊಂಡ ಬಂದಾರ. ಬಾಗಿಲನ್ನು ಅರ್ಧ ಎಳೆದುಕೊಂಡು ಎಡಗೈಯನ್ನು ಹೊಸ್ತಿಲಾಚೆ ಚಾಚಿದಳು, ಕೊರಳಲ್ಲಿ ತನ್ನ ಲಿಂಗವೂ ಇತ್ತು, ತೆಗೆಯಲಿಲ್ಲ, ಅದು ಈ ಮಂದಿಯ ನೋಟಕ್ಕಲ್ಲ, ಬರೀ ಅಂಗೈ ಸಾಕು. ಯಂತ್ರ ಹಚ್ಚು ಮಗಳೇ, ಈಗ ನೀರು ಹಾಕು. ಮಂಜರಿ ಮೊಣಕಾಲೂರಿ ಬಾಟಲಿಯನ್ನು ಅಂಗೈ ಹತ್ತಿರ ತಂದಳು. ಹಾಗಲ್ಲ, ಬಾಗಬೇಡ, ನಿಂತು ಹಾಕು. ಕಾಕೂ. ನಿಂತು ಹಾಕು, ಮುಖ ಆ ಕಡೆ ತಿರುಗಿಸು, ಆಮೇಲೆ ನಾನು ವಿಶ್ರಾಂತಿ ಅಂತ ಹೇಳುತ್ತೇನೆ.

ಯಂತ್ರದ ಕೆಂಪು ದೀಪ ಹತ್ತಿತು, ಮಂಜರಿಯ ಮಂಡಿ ಮೇಲೆದ್ದಿತು, ಮುಖ ಬಾಗಿಲ ಪಟ್ಟಿಯಾಚೆ ಹೋಯಿತು — ಅರೆ, ಮುಖ ಕಾಣುವುದೇ ಇಲ್ಲ, ಇದು ಶಿವಬಸವ್ವನಿಗೆ ಗೊತ್ತೇ ಇರಲಿಲ್ಲ, ಇಷ್ಟು ವರ್ಷ ಇದನ್ನೆಲ್ಲ ಅವಳು ಮೆಟ್ಟಿಲ ಮೇಲಿನಿಂದಲೇ ನೋಡಿದ್ದು, ಮಾಲಕೀಣಬಾಯಿ ಮುಖ ತಿರುಗಿಸಿದರೇನು ಬಿಟ್ಟರೇನು, ಈ ಗಿಡ್ಡ ಬಾಗಿಲಲ್ಲಿ ಕೂತವಳಿಗೆ ಯಾರ ಮುಖವೂ ಕಾಣುವುದಿಲ್ಲ, ಕಾಣುವುದು ಕಾಲು, ಬರೀ ಕಾಲು. ನೀರು ಬಿತ್ತು. ಎತ್ತರದಿಂದ ಬಿದ್ದು ಅಂಗೈಗೆ ಬಡಿದು ಸಿಡಿಯಿತು, ಮೊಣಕೈವರೆಗೆ ಹರಿಯಿತು, ಹೊಸ್ತಿಲ ಮೇಲೆ ಚಟಚಟ ಸದ್ದಾಯಿತು, ತಣ್ಣಗೆ, ಹೊರಗಿನ ಕಾಲುಗಳು ತಮ್ಮಷ್ಟಕ್ಕೆ ತಾವೇ, ಸಿಡಿಯಬಾರದೆಂದು, ಒಂದು ಹೆಜ್ಜೆ ಹಿಂದೆ ಸರಿದವು. ಇದನ್ನೇ ಇಡು ನಿನ್ನ ಗುಂಡಿಗೆ, ನನ್ನ ಮಾತು ಬೇಡ, ಈ ಸದ್ದು ಸಾಕು, ಅಂದಳು, ಅಥವಾ ಅನ್ನಬೇಕೆಂದುಕೊಂಡಳು, ಇಲ್ಲ, ಅಂದಳು, ಯಾರೋ ಮೇಲೆ ಉಸಿರು ಎಳೆದುಕೊಂಡದ್ದು ಕೇಳಿತು, ಬಾಟಲಿ ಖಾಲಿಯಾಗುವವರೆಗೂ ನೀರು ಬೀಳುತ್ತಲೇ ಇತ್ತು. ಕೈ ಹಿಂದೆ ತೆಗೆಯಬೇಕು, ಬರುತ್ತಿಲ್ಲ, ಇನ್ನೂ ಏನೋ ಯೋಚಿಸಬೇಕಿತ್ತು, ಅಪ್ಪನ ಬಗ್ಗೆ, ಫಲಕದ ಬಗ್ಗೆ, ಈ ಹುಡುಗಿಯ ಬಗ್ಗೆ, ಯಾವುದೂ ಬರುತ್ತಿಲ್ಲ. ಅವ್ವನಿಗೆ ಕಂಡದ್ದು ಇಷ್ಟೇ. ಹಿಂದೆ ಸರಿಯುವ ಎರಡು ಕಾಲು, ಮೇಲಿನಿಂದ ಬೀಳುವ ನೀರು, ತನ್ನದೇ ಅಂಗೈ. ಅಂಗೈ.