ಕರೇಕಲ್ಲು ಮೃಗಾಲಯದ ದೂರು ಪುಸ್ತಕ

ಜನ ಮೃಗಾಲಯಕ್ಕೆ ಪ್ರಾಣಿ ನೋಡಲು ಬರುತ್ತಾರೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರ ನಂಬಿದ್ದೆ. ಎರಡನೇ ವಾರಕ್ಕೆ ತಿಳಿಯಿತು, ಬೈಯಲು ಬರುತ್ತಾರೆ. ಹದಿನಾಲ್ಕು ವರ್ಷದಿಂದ ಟಿಕೆಟ್ ಕಿಟಕಿಯಲ್ಲಿ ಕೂತಿರುವವಳು ನಾನು, ವನಜಾಕ್ಷಿ. ನನಗಿಂತ ಚೆನ್ನಾಗಿ ಇದನ್ನು ಯಾರು ಹೇಳಬೇಕು?

ನಮ್ಮದು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿ, ಒಂದು ಬಂಡೆಯ ಬುಡದಲ್ಲಿರುವ ಪುಟ್ಟ ಮೃಗಾಲಯ. ಒಂದು ಟ್ರಸ್ಟು ನಡೆಸುತ್ತದೆ. ಜಿಂಕೆ, ನವಿಲು, ಎರಡು ಮೊಸಳೆ, ಒಂದು ಹೆಬ್ಬಾವು, ಒಂದಷ್ಟು ಗಿಳಿ, ಆಗ ಒಂದು ಕರಡಿ. ಹುಲಿ ಇಲ್ಲ. ಇಲ್ಲವೆಂದು ಬೋರ್ಡಿನಲ್ಲೇ ಬರೆಸಿದ್ದೇವೆ. ಆದರೂ ಒಳಗೆಲ್ಲ ಸುತ್ತಿ ಬಂದು ಕಿಟಕಿಗೆ ಮುಖವಿಟ್ಟು, "ಹುಲಿ ಎಲ್ಲೈತಮ್ಮ?" ಎಂದು ಕೇಳುತ್ತಾರೆ.

ಗೇಟಿನ ಪಕ್ಕ ಮೇಜಿನ ಮೇಲೆ ದೂರು ಪುಸ್ತಕ, ಅದಕ್ಕೆ ದಾರ ಕಟ್ಟಿದ ಪೆನ್ನು. ಸಿದ್ದರಬೆಟ್ಟ ಹತ್ತಿಳಿದು ಮಂಡಿ ನೋಯಿಸಿಕೊಂಡು ಬಂದವರು ಆ ಸಿಟ್ಟನ್ನೆಲ್ಲ ಅದರಲ್ಲಿ ಇಳಿಸುತ್ತಿದ್ದರು. ನವಿಲು ಕುಣಿಯಲಿಲ್ಲ. ಹೆಬ್ಬಾವು ಅಲ್ಲಾಡಲಿಲ್ಲ, ಬದುಕಿದೆಯೇ ಪರಿಶೀಲಿಸಿ. ಮೊಸಳೆ ಪ್ಲಾಸ್ಟಿಕ್ಕಿನದು, ನಮಗೆ ಗೊತ್ತಾಗುವುದಿಲ್ಲವೇ? ಶಿರಾದ ಒಬ್ಬರು ಮದುವೆ ಮುಗಿಸಿಕೊಂಡು ಮನೆಮಂದಿಯೊಂದಿಗೆ ಬಂದಿದ್ದರು, ಪುಟದ ತುಂಬ ದೊಡ್ಡ ಅಕ್ಷರದಲ್ಲಿ "ಪೂರಾ ಬೇಕಾರ್" ಎಂದು ಬರೆದು ಹೋದರು.

ಇವರೆಲ್ಲರಿಗಿಂತ ಒಂದು ಕೈ ಮೇಲು ಮಧುಗಿರಿ ಕೋರ್ಟಿನವರು. ಬೆಳಿಗ್ಗೆ ಕೇಸು ಕೂಗಿಸಿಕೊಂಡು, ಮುಂದಿನ ವಾಯಿದೆ ತೆಗೆದುಕೊಂಡು, ಸಂಜೆ ಬಸ್ಸಿನವರೆಗೆ ಹೊತ್ತು ಹೋಗದೆ ಇಲ್ಲಿಗೆ ಬರುತ್ತಿದ್ದರು. ವರ್ಷಗಟ್ಟಲೆ ಅರ್ಜಿ ಬರೆದೂ ಬರೆದೂ ಅವರ ಕೈ ಹಾಗೇ ತಿರುಗಿಬಿಟ್ಟಿರುತ್ತದೆ. "ಸದರಿ ಮೊಸಳೆಯು ಮಧ್ಯಾಹ್ನ ಮೂರು ಗಂಟೆಯಿಂದ ಬಾಯಿ ತೆರೆದೇ ಇದ್ದು, ಪದೇ ಪದೇ ಕೋರಿದರೂ ಮುಚ್ಚಿರುವುದಿಲ್ಲ. ಆದಕಾರಣ ತಾವು ಸೂಕ್ತ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ." ಅಯ್ಯೋ, ಓದಿ ಓದಿ ನಕ್ಕಿದ್ದೇನೆ.

ಪ್ರತಿ ದೂರಿನ ಪಕ್ಕ ನಾನು "ಕ್ರಮ ಕೈಗೊಳ್ಳಲಾಗಿದೆ" ಎಂದು ಬರೆದು ಸಹಿ ಹಾಕಬೇಕು. ಟ್ರಸ್ಟಿನ ನಿಯಮ. ನವಿಲು ಕುಣಿಯದ್ದಕ್ಕೂ ಹಾಗೇ ಬರೆದೆ. ನವಿಲಿಗೇನು ನೋಟಿಸು ಕೊಟ್ಟೆನೇ?

ಪುಸ್ತಕದಲ್ಲಿ ಹೆಚ್ಚು ಸಲ ಬಂದಿರುವ ದೂರು ಒಂದೇ. ಕರಡಿ ಕಾಣಿಸಲಿಲ್ಲ.

ಕರಡಿಯ ಹೆಸರು ಕರಿಯವ್ವ. ಅವಳನ್ನು ನೋಡಿಕೊಳ್ಳುತ್ತಿದ್ದವನು ಕದಿರಯ್ಯ, ಪಾವಗಡದ ಕಡೆಯವನು. ಅರ್ಧ ಕನ್ನಡ, ಅರ್ಧ ತೆಲುಗು. ಓದು ಬರಹ ಇಲ್ಲ. ಕಲ್ಲು ಕ್ವಾರಿಯವರು ತಮಗೆ ಸಿಕ್ಕ ಕಣ್ಣು ಬಿಡದ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರಂತೆ. ಅಂದಿನಿಂದ ಬಾಟಲಿ ಹಾಲು ಹಾಕಿ ಸಾಕಿದವನು ಅವನೇ. ಹೆಂಡತಿ ತೀರಿಹೋದ ಮೇಲೆ ಊರಿಗೆ ಹೋಗುವುದನ್ನೂ ಬಿಟ್ಟು ಮೃಗಾಲಯದ ಕೋಣೆಯಲ್ಲೇ ಉಳಿದ. ಅವನಿಗೆ ಅಂತ ಇದ್ದದ್ದು ಆ ಕರಡಿ ಒಂದೇ, ಇದನ್ನು ಅವನೇ ಎಷ್ಟೋ ಸಲ ಹೇಳಿದ್ದಾನೆ.

ಸಂಜೆ ಗೇಟು ಹಾಕಿದ ಮೇಲೆ ಕಿಟಕಿಯ ಹತ್ತಿರ ಬಂದು ಕೂರುತ್ತಿದ್ದ. "ಏಮ್ಮಾ ಮೇಡಂ, ಇವತ್ತು ಏನಂತ ಬರ್ದವ್ರೆ ಜನ?"

"ಕರಡಿ ಕಾಣಿಸ್ಲಿಲ್ವಂತೆ."

"ಕಾಣಿಸಕ್ಕೆ ಅವಳೇನು ಸಿನಿಮಾದೋಳಾ? ಮದ್ಯಾನ ಒಳಗಿನ ಗೂಡಲ್ಲಿ ಮಲಗೋ ಹೊತ್ತು. ಇವ್ರು ಮಲಗಿದ್ದಾಗ ನಾನು ಹೋಗಿ ನೋಡ್ತೀನಾ?"

ಹಾಗೆಂದರೂ, ಯಾವುದಾದರೂ ಮಗು ಅಳುತ್ತಾ ನಿಂತರೆ ಕಂಬಿಯ ಬಳಿ ಹೋಗಿ, "ರಾ ಅಮ್ಮಾ, ರಾ" ಎಂದು ಕರೆಯುತ್ತಿದ್ದ. ಒಂದೇ ಸಲ. ಎಂಥ ನಿದ್ದೆಯಲ್ಲಿದ್ದರೂ ಎದ್ದು ಬರುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಟ್ರಸ್ಟಿನ ಕಾರ್ಯದರ್ಶಿ ಪ್ರಭುದೇವ್ ಬಂದರು. ಮೂರು ತಿಂಗಳಿಗೊಮ್ಮೆ ಬಿಳಿ ಷೂ ಹಾಕಿಕೊಂಡು ಬಂದು, ಜಿಂಕೆ ಹಿಕ್ಕೆ ತುಳಿದು, ನಮ್ಮನ್ನು ಬೈದು ಹೋಗುವುದು ಅವರ ಪದ್ಧತಿ. ಆವತ್ತು ದೂರು ಪುಸ್ತಕ ತಿರುವಿ ಹಾಕಿ ಹುಬ್ಬು ಗಂಟಿಕ್ಕಿದರು.

"ಯುಗಾದಿಯಿಂದ ಈಚೆಗೆ ಒಂದೂ ದೂರಿಲ್ಲವಲ್ಲಮ್ಮ?"

"ಇಲ್ಲ ಸಾರ್, ಎಲ್ಲಾ ಚೆನ್ನಾಗೈತೆ," ಎಂದೆ, ಹೆಮ್ಮೆಯಿಂದ.

"ಚೆನ್ನಾಗಿರೋದು ಅಲ್ಲ ಇದು. ಬೈಯೋಕೂ ಯಾರಿಗೂ ಮನಸ್ಸಿಲ್ಲ ಅಂತ ಅರ್ಥ. ಬರೋ ಮಹಾಸಭೆಗೆ ಇನ್ನೊಂದು ಸಲ ಪುಸ್ತಕ ನೋಡ್ತೀವಿ. ಹಿಂಗೇ ಇದ್ದರೆ ಮುಚ್ಚಿ, ಪ್ರಾಣಿಗಳನ್ನ ಬೇರೆ ಕಡೆಗೆ ಕಳಿಸಿಬಿಡೋಣ."

ಜನ ಬೈಯುವುದನ್ನು ನಿಲ್ಲಿಸಿರಲಿಲ್ಲ. ಮೊಬೈಲಿನಲ್ಲಿ ಬೈಯುತ್ತಿದ್ದರು. ಒಂದು ನಕ್ಷತ್ರ ಕೊಟ್ಟು, ಹೆಬ್ಬಾವಿನ ಫೋಟೋ ಹಾಕಿ, ಹಿಗ್ಗಾಮುಗ್ಗಾ ಬೈಯುತ್ತಿದ್ದರು. ನಾನದನ್ನು ತೆರೆದು ತೋರಿಸಿದೆ. ಪ್ರಭುದೇವ್, "ಅದೆಲ್ಲ ದಾಖಲೆ ಅಲ್ಲ, ಪುಸ್ತಕ ದಾಖಲೆ," ಎಂದು ಕಾರು ಹತ್ತಿದರು.

ಕದಿರಯ್ಯ ಅಷ್ಟೂ ಹೊತ್ತು ಗೋಡೆ ಹಿಡಿದು ನಿಂತಿದ್ದ. "ಮೇಡಂ, ಬೈಗುಳ ಬೇಕಂದ್ರೆ ಬೈಗುಳ ಬರೀರಿ. ನಿಮ್ಗೇನು ಕಷ್ಟ? ಅವಳ್ನ ಕಳಿಸ್ಬುಟ್ರೆ ನಾನು ಬದುಕಲ್ಲ."

ಬರೆದೆ. ಕಷ್ಟವೇನೂ ಆಗಲಿಲ್ಲ, ಹದಿನಾಲ್ಕು ವರ್ಷದ ಅಭ್ಯಾಸ. ಮೂರು ಬಣ್ಣದ ಪೆನ್ನು ತಂದೆ. ಒಮ್ಮೆ ಎಡಗೈಯಲ್ಲಿ, ಒಮ್ಮೆ ಅಕ್ಷರ ವಾಲಿಸಿ, ಒಮ್ಮೆ ಒತ್ತಕ್ಷರ ನುಂಗಿ. ನಮ್ಮತ್ತೆ ಹನುಮಕ್ಕ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಹೆಸರಿನಲ್ಲೂ ಮೂರು ದೂರು ಬರೆದೆ. ಬದುಕಿದ್ದಾಗ ಅವರು ಯಾವುದನ್ನೂ ಮೆಚ್ಚಿದವರಲ್ಲ, ಹಾಗಾಗಿ ಕೈ ಸಲೀಸಾಗಿ ಓಡಿತು. ಸಂಜೆ ಕದಿರಯ್ಯನಿಗೆ ಓದಿ ಹೇಳುತ್ತಿದ್ದೆ. "ಇನ್ನೂ ಖಾರ ಹಾಕಿ ಮೇಡಂ," ಎನ್ನುತ್ತಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಒಂದು ಭಾನುವಾರ, ಬೆಳಗಿನ ಹೊತ್ತು. ಕರಿಯವ್ವ ಎದ್ದು ನಡೆಯುತ್ತಿದ್ದಳು. ಅವಳ ಆವರಣ ನನ್ನ ಕಿಟಕಿಗೆ ನೇರ ಕಾಣುತ್ತದೆ. ಅದನ್ನು ಕಟ್ಟಿದ್ದು ಮರಿಗೆಂದು. ದೊಡ್ಡದು ಮಾಡಿಸುತ್ತೇವೆ ಎಂದರು, ಮಾಡಿಸಲಿಲ್ಲ. ಅವಳು ಆ ಗೋಡೆಯಿಂದ ಈ ಗೋಡೆಗೆ ಬರುತ್ತಾಳೆ, ತಲೆಯನ್ನು ಒಮ್ಮೆ ಹೀಗೆ ಒಲೆದು ತಿರುಗುತ್ತಾಳೆ, ಮತ್ತೆ ಹೋಗುತ್ತಾಳೆ. ಅದೇ ಜಾಗ, ಅದೇ ಹೆಜ್ಜೆ. ಸಿಮೆಂಟು ಅಲ್ಲಿ ಸವೆದು ನುಣ್ಣಗಾಗಿತ್ತು. ಆವತ್ತು ಒಂದು ದೊಡ್ಡ ಕುಟುಂಬ ಕಂಬಿಯ ಮುಂದೆ ನಿಂತು ಕುರುಕಲು ಎಸೆಯುತ್ತಾ, "ನೋಡ್ರೋ, ಡ್ಯಾನ್ಸ್ ಮಾಡ್ತೈತೆ, ತಲೆ ಹೆಂಗೆ ಆಡಿಸ್ತೈತೆ," ಎಂದು ಕೇಕೆ ಹಾಕಿತು. ಒಬ್ಬಾಕೆ ತಾಳ ಬೇರೆ ಹಾಕಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲೆ ಎಷ್ಟು ಸಿಟ್ಟೋ ನನ್ನ ಮೇಲೂ ಅಷ್ಟೇ. ಹದಿನಾಲ್ಕು ವರ್ಷ ಅದೇ ಕಿಟಕಿಯಲ್ಲಿ ಕೂತು ಅದೇ ನಡಿಗೆ ನೋಡಿದವಳು ನಾನು ತಾನೆ? ಪುಸ್ತಕ ಎಳೆದುಕೊಂಡು ಬರೆದೆ. ಅರ್ಜಿಯ ಭಾಷೆ ತಾನಾಗಿ ಬಂತು.

"ಸದರಿ ಕರಡಿಯು ದಿನವೂ ಹನ್ನೆರಡು ಹೆಜ್ಜೆ ಆಚೆ, ಹನ್ನೆರಡು ಹೆಜ್ಜೆ ಈಚೆ ತಿರುಗುತ್ತಿದ್ದು, ಇದು ಮಂಕು ಹಿಡಿದ ಲಕ್ಷಣವಾಗಿರುತ್ತದೆ. ಮರಿಗೆಂದು ಕಟ್ಟಿದ ಆವರಣದಲ್ಲಿ ಬೆಳೆದ ಪ್ರಾಣಿಯನ್ನು ಇಟ್ಟಿರುವುದು ಅನ್ಯಾಯ. ಅದನ್ನು ಕಾಡಿನಂಥ ಜಾಗಕ್ಕೆ ಕಳುಹಿಸಿಕೊಡಬೇಕಾಗಿ, ತಪ್ಪಿದಲ್ಲಿ ಮುಂದಿನ ಕಾನೂನು ಕ್ರಮಕ್ಕೆ ತಾವೇ ಹೊಣೆಯಾಗುವಿರೆಂದು ಈ ಮೂಲಕ ತಿಳಿಯಪಡಿಸಿದೆ." ಕೆಳಗೆ ಒಂದು ಹೆಸರು ಬೇಕಲ್ಲ. ಸಂಜೀವಯ್ಯ, ಬರಗೂರು ಎಂದು ಗೀಚಿದೆ.

ಆ ಸಂಜೆ ಕದಿರಯ್ಯನಿಗೆ ಇದೊಂದನ್ನು ಓದಿ ಹೇಳಲಿಲ್ಲ. ಹನುಮಕ್ಕನದನ್ನು ಓದಿದೆ, ಅವನು ನಕ್ಕ.

ಮಹಾಸಭೆ ಆಯಿತು. ಪ್ರಭುದೇವ್ ಬಂದರು, ಮುಖ ಬಿಳಿಚಿಕೊಂಡಿತ್ತು. ಅರವತ್ತು ದೂರುಗಳಲ್ಲಿ ಐವತ್ತೊಂಬತ್ತಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. "ಯಾರಮ್ಮ ಈ ಸಂಜೀವಯ್ಯ? ಕೋರ್ಟು ಅಲೆದ ಆಸಾಮಿ ಅಂತ ಬರವಣಿಗೆಯಲ್ಲೇ ಗೊತ್ತಾಗುತ್ತೆ. ನಾಳೆ ನಮ್ಮ ಮೇಲೆ ಕೇಸು ಹಾಕಿದರೆ ಟ್ರಸ್ಟಿಗಳೆಲ್ಲ ಕಟಕಟೆ ಹತ್ತಬೇಕು. ಮೃಗಾಲಯ ಇರಲಿ, ಜನ ಬರ್ತಿದ್ದಾರೆ. ಕರಡಿ ಹೋಗಲಿ. ದೊಡ್ಡ ಕರಡಿಧಾಮದವರ ಜೊತೆ ಮಾತಾಡಿದ್ದೇವೆ, ಪರವಾನಗಿ ಬಂದ ತಕ್ಷಣ ಗಾಡಿ ಬರುತ್ತೆ."

ಕದಿರಯ್ಯ ಅಲ್ಲೇ ಇದ್ದ. ಮೊದಲು ಅರ್ಥವಾಗಲಿಲ್ಲ ಅವನಿಗೆ. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಬರಗೂರಿಗೆ ಬಸ್ಸು ಎಷ್ಟೊತ್ತಿಗೆ ಮೇಡಂ? ಆ ಸಂಜೀವಯ್ಯನ್ನ ನೋಡ್ಬೇಕು. ಕಾಲು ಹಿಡೀತೀನಿ. ವಾಪಸ್ ತಗೊಳಪ್ಪಾ ಅಂತೀನಿ. ಒಪ್ಪಲಿಲ್ಲಾಂದ್ರೆ ಹಲ್ಲು ಉದುರಿಸಿ ಬರ್ತೀನಿ."

ಪ್ರಭುದೇವ್ ಹೋಗುವವರೆಗೆ ಬಾಯಿ ಕಟ್ಟಿಕೊಂಡಿದ್ದೆ. ಆಮೇಲೆ ಹೇಳಿಬಿಟ್ಟೆ. "ಬರಗೂರಿಗೆ ಹೋಗ್ಬೇಡ ಕಣಯ್ಯ. ಸಂಜೀವಯ್ಯ ನಾನೇ."

ಅವನು ನನ್ನನ್ನೇ ನೋಡಿದ. "ಓದಿ," ಎಂದ.

ಓದಿದೆ. ಒಂದಕ್ಷರ ಬಿಡದೆ ಓದಿದೆ. ಅವನು ಎದ್ದು ಹೋದ. ಎಂಟು ದಿನ ನನ್ನೊಂದಿಗೆ ಮಾತಿಲ್ಲ. ಕಿಟಕಿಯ ಮುಂದೆ ಹಾಯುವುದು ಬಿಟ್ಟು ಜಿಂಕೆ ಬೇಲಿಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದ. ನನಗೆ ಅನ್ನ ರುಚಿಸಲಿಲ್ಲ, ಸುಳ್ಳೇಕೆ ಹೇಳಲಿ.

ಒಂಬತ್ತನೇ ದಿನ ಸಂಜೆ ಬಂದು ಕಿಟಕಿಯ ಕಟ್ಟೆಗೆ ಒರಗಿ ನಿಂತ. ಮುಖ ಕರಿಯವ್ವನ ಕಡೆಗಿತ್ತು.

"ತಪ್ಪು ಬರ್ದಿದೀರಿ ಮೇಡಂ."

"ಗೊತ್ತು ಕದಿರಯ್ಯ. ತಪ್ಪಾಯ್ತು."

"ಅದಲ್ಲ. ಹನ್ನೆರಡು ಹೆಜ್ಜೆ ಅಂತ ಬರ್ದಿದೀರಿ. ಹನ್ನೊಂದು. ಹನ್ನೆರಡನೇದಿಕ್ಕೆ ಜಾಗ ಇಲ್ಲ ಅಲ್ಲಿ."

ಇವನು ಎಷ್ಟು ವರ್ಷದಿಂದ ಎಣಿಸುತ್ತಿದ್ದ?

"ನಾನೂ ನೋಡ್ತಾನೇ ಇದ್ದೆ," ಎಂದ. "ಹೇಳಿದ್ರೆ ತಗೊಂಡು ಹೋಗ್ಬುಡ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ನಂದು ದುರಾಸೆ ಮೇಡಂ."

ಗಾಡಿ ಬಂದ ದಿನ ಪಂಜರ ಹತ್ತಿಸಲು ಅವನೇ ಬೇಕಾಯಿತು. ಒಳಗೆ ಬೆಲ್ಲ ಇಟ್ಟು, "ರಾ ಅಮ್ಮಾ, ರಾ" ಎಂದ. ಬಂದಳು, ನಂಬಿಕೊಂಡು ಬಂದಳು. ಬಾಗಿಲು ಬಿತ್ತು. ಅವನು ಗಾಡಿಯ ಹಿಂದೆ ಓಡಲಿಲ್ಲ. ಪೊರಕೆ ತೆಗೆದುಕೊಂಡು ಖಾಲಿ ಆವರಣ ಗುಡಿಸಿದ, ಯಾರೂ ಹೇಳದಿದ್ದರೂ.

ನಾಲ್ಕು ತಿಂಗಳಾದ ಮೇಲೆ, ಒಂದು ಮಂಗಳವಾರದ ರಜೆಯಲ್ಲಿ, ಇಬ್ಬರೂ ಆ ಕರಡಿಧಾಮಕ್ಕೆ ಹೋದೆವು. ಮಧುಗಿರಿಯಿಂದ ತುಮಕೂರು, ಅಲ್ಲಿಂದ ಇನ್ನೆರಡು ಬಸ್ಸು. ಕದಿರಯ್ಯ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ದಾರಿಯುದ್ದಕ್ಕೂ ತೊಡೆಯ ಮೇಲೆ ಬೆಲ್ಲದ ಪೊಟ್ಟಣ. ಜೀವನದಲ್ಲಿ ಮೊದಲ ಸಲ ಟಿಕೆಟ್ ತೆಗೆದುಕೊಂಡು ಒಳಗೆ ಹೋದೆವು. ಬೆಲ್ಲವನ್ನು ಗೇಟಿನಲ್ಲೇ ಇಟ್ಟುಕೊಂಡರು.

ಬೇಲಿಯ ಆಚೆ ಮರ, ಪೊದೆ, ಬಂಡೆ, ಅದರಾಚೆ ಇನ್ನೂ ಮರ. ಎಲ್ಲಿಗೆ ಮುಗಿಯುತ್ತದೆಂದು ಕಾಣಲಿಲ್ಲ. ದೂರದಲ್ಲಿ ಯಾವುದೋ ಎರಡು ಕರಡಿ ಮಣ್ಣು ಕೆದಕುತ್ತಿದ್ದವು, ಅವಳಲ್ಲ. ಹನ್ನೊಂದು ಗಂಟೆಗೆ ನಿಂತವರು ನಾಲ್ಕಾದರೂ ನಿಂತೇ ಇದ್ದೆವು. ಪಕ್ಕದಲ್ಲಿ ಬಂದವರೆಲ್ಲ ಗೊಣಗಿಕೊಂಡು ಹೋದರು. ಅಲ್ಲಿನ ಕಾವಲುಗಾರ ಒಳ್ಳೆಯವನು. ಕದಿರಯ್ಯ ಯಾರೆಂದು ತಿಳಿದು, "ಅಲ್ಲೇ ಆ ಬಂಡೆ ಹಿಂದೆ ಇರ್ತಾಳೆ ಯಜಮಾನ್ರೇ. ನೀವು ಸಾಕಿದೋರು. ಒಂದ್ಸಲ ಕೂಗಿ, ಬಂದೇ ಬರ್ತಾಳೆ," ಎಂದ.

ಕದಿರಯ್ಯ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾಯಿ ತೆರೆದ. ನನಗೆ ಕಾಣುತ್ತಿತ್ತು, ಆ ಕರೆ ಅವನ ನಾಲಗೆಯ ತುದಿಯಲ್ಲೇ ಇತ್ತು. ಮತ್ತೆ ಬಾಯಿ ಮುಚ್ಚಿದ.

"ಬ್ಯಾಡ," ಎಂದ. "ಕರೆದ್ರೆ ಬಂದ್ಬುಡ್ತಾಳೆ."

ಕಣ್ಣೊರೆಸಿಕೊಂಡು ಹಿಂದಕ್ಕೆ ತಿರುಗಿ ನಡೆದ. ನಾನೂ ನಡೆದೆ.

ಗೇಟಿನ ಹತ್ತಿರ ಅಲ್ಲೂ ಒಂದು ಮೇಜು, ಮೇಲೆ ದೂರು ಪುಸ್ತಕ, ಪೆನ್ನಿಗೆ ದಾರ. ಕದಿರಯ್ಯ ನಿಂತ. "ಮೇಡಂ, ನಂದೊಂದು ಬರೀರಿ. ನನ್ನ ಹೆಸರಲ್ಲೇ, ಸುಳ್ಳು ಹೆಸರು ಬ್ಯಾಡ."

"ಏನಂತ?"

"ಕರಡಿ ಕಾಣಿಸ್ಲಿಲ್ಲ ಅಂತ."

ಬರೆದೆ. ಅವನು ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟ, ಅದು ಅಲ್ಲಿಯ ಗುಮಾಸ್ತೆ ಉತ್ತರ ಬರೆಯಬೇಕಾದ ಜಾಗ. ನನ್ನ ಕೆಲಸವನ್ನು ಇಷ್ಟು ವರ್ಷ ನೋಡಿದವನಲ್ಲವೇ.

"ಇಲ್ಲೂ ನೀವೇ ಬರ್ದ್ಬುಡಿ," ಎಂದ. "ಕ್ರಮ ಬ್ಯಾಡ ಅಂತ."