ಹೆಸರುಗಳ ಮೇಲೆ ಮಾತಾಡುವ ಹೆಂಗಸು

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ನಮ್ಮ ಬೀದಿಯಲ್ಲಿ ಎಲ್ಲರೂ ಟಿವಿ ನೋಡುತ್ತಿದ್ದರು. ಟಿವಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವನು ನನ್ನ ಗಂಡ ಕ್ಲಿಫರ್ಡ್ ಹೋಯ್ಲ್ ಒಬ್ಬನೇ. ಮೂರ್‌ಲ್ಯಾಂಡ್ ಟಿವಿ ಅಂದರೆ ನಮ್ಮ ಸೀಮೆಯ ಚಾನೆಲ್ಲು. ಅಲ್ಲಿ ನಾಟಕ ಮುಗಿದು, ಅದಕ್ಕೆ ದುಡಿದವರ ಹೆಸರುಗಳು ತೆರೆಯ ಮೇಲೆ ಏರತೊಡಗಿದರೆ ಸಾಕು, ರೋಸಲಿಂಡ್ ಎಂಬ ಉದ್ಘೋಷಕಿಯ ದನಿ ಬಂದು ಮುಂದೇನಿದೆ, ನಾಳೆ ಏನಿದೆ ಎಂದು ಶುರುಮಾಡುತ್ತಿತ್ತು. ಅವಳ ಮಾತಿಗೆ ಜಾಗ ಬಿಟ್ಟು ಹೆಸರುಗಳು ಒಂದು ಮೂಲೆಗೆ ಮುದುರಿಕೊಳ್ಳುತ್ತಿದ್ದವು. ಕ್ಲಿಫರ್ಡನಿಗೆ ಮೈಯೆಲ್ಲ ಉರಿಯುತ್ತಿತ್ತು. ಜೀವಮಾನವಿಡೀ ಅಂಗಡಿ ಬೋರ್ಡು ಬರೆದು ಬದುಕಿದವನು. ಓದಲಾಗದ ಅಕ್ಷರ ಅವನ ಪಾಲಿಗೆ ಪಾಪ.

"ಸೆಟ್ಟು ಕಟ್ಟಿದ ಬಡಗಿ ಯಾರು, ದೀಪ ಹಿಡಿದೋನು ಯಾರು ಅಂತ ನೋಡೋಣ ಅಂದ್ರೆ ಇವಳದ್ದೊಂದು ಪುರಾಣ! ಎನಿಡ್, ಫೋನು ಕೊಡು ಇಲ್ಲಿ," ಎಂದು ನನ್ನ ಕಡೆ ಕೈ ಚಾಚುತ್ತಿದ್ದ.

ಚಾನೆಲ್ಲಿನವರು ಅವನ ದನಿ ಕೇಳಿದ ಕೂಡಲೇ "ಹೇಳಿ ಹೋಯ್ಲ್ ಅವರೇ" ಅನ್ನುವಷ್ಟು ಪರಿಚಯವಾಯಿತು. ಅಷ್ಟಕ್ಕೆ ಸುಮ್ಮನಿರದೆ ಪಬ್ಬಿನಲ್ಲಿ, ನಾವು ಪ್ರಾರ್ಥನೆಗೆ ಹೋಗುವ ಚಾಪೆಲ್ಲಿನಲ್ಲಿ, ಬಸ್‌ಸ್ಟಾಪಿನಲ್ಲಿ ಜನರನ್ನು ಹಿಡಿದು, ಆ ಮಾತು ನಿಲ್ಲಿಸಿ ಎಂಬ ಮನವಿಗೆ ಸಹಿ ಹಾಕಿಸಿದ. ಜನ ನಗುತ್ತಾ ಹಾಕಿದರು. ನಮ್ಮ ಕಡೆಯವರಿಗೆ ಗೊಣಗುವುದು ಸಲೀಸು, ಹೊಗಳಬೇಕೆಂದರೆ ಮಾತ್ರ ನಾಚಿಕೆ.

ಕೊನೆಗೆ ಚಾನೆಲ್ಲಿನವರೇ ಸೋತರು. ಹೊಸ ಲಾಂಛನ, ಹೊಸ ಬಣ್ಣ ಎಂದು ಎಲ್ಲವನ್ನೂ ಬದಲಿಸುವ ಹೊತ್ತಿನಲ್ಲಿ ರೋಸಲಿಂಡಳ ದನಿಯನ್ನೂ ತೆಗೆದುಬಿಟ್ಟರು. ಆಮೇಲೆ ಹೆಸರುಗಳು ತೆರೆಯ ತುಂಬ ದೊಡ್ಡದಾಗಿ ಏರತೊಡಗಿದವು, ಹಿನ್ನೆಲೆಯಲ್ಲಿ ಬರೀ ಸಂಗೀತ. ಪಬ್ಬಿನಲ್ಲಿ ಕ್ಲಿಫರ್ಡನಿಗೆ ಬಿಯರಿನ ಮೇಲೆ ಬಿಯರು ಕುಡಿಸಿದರು.

ಆದರೆ ಅವನು ಗೆಲ್ಲುವ ಹೊತ್ತಿಗೆ ಆ ಹೆಸರುಗಳನ್ನು ಓದುವ ಕಣ್ಣೇ ಅವನಿಗಿರಲಿಲ್ಲ. ನೋಟದ ನಡುಭಾಗವೆಲ್ಲ ಮಸುಕಾಗಿ ಹೋಗಿತ್ತು, ಅಂಚು ಮಾತ್ರ ಉಳಿದಿತ್ತು. ಇನ್ನು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗೊತ್ತಿದ್ದವಳು ನಾನೊಬ್ಬಳೇ.

"ಯಾರಿಗಾದ್ರೂ ಹೇಳಿದ್ರೆ ನೋಡು ಮತ್ತೆ. ಪಾಪ ಕ್ಲಿಫರ್ಡ್, ಪಾಪ ಕ್ಲಿಫರ್ಡ್ ಅಂತ ಬೀದಿಯೋರೆಲ್ಲ ಲೊಚಗುಟ್ಟೋದು ನಂಗೆ ಬೇಡ," ಅಂದಿದ್ದ.

ದಿನವೂ ಟಿವಿ ಮುಂದೆ ಕೂರುತ್ತಿದ್ದ. ನಾನು ಪಕ್ಕದಲ್ಲಿದ್ದರೆ ಏನು ಬರುತ್ತಿದೆ ಎಂದು ಮೆಲ್ಲಗೆ ಹೇಳುತ್ತಿದ್ದೆ. ನಾನು ಅಡುಗೆಮನೆಗೆ ಹೋದರೆ ಅವನ ಪಾಲಿಗೆ ಎಲ್ಲವೂ ಒಂದೇ ಸಂಗೀತ.

ಒಂದು ಮಧ್ಯಾಹ್ನ ಪಕ್ಕದ ಮನೆಯ ವಿನಿಫ್ರೆಡ್ ಬಂದಿದ್ದಳು. ನಾನು ಟ್ರೇ ಹಿಡಿದು ಒಳಗೆ ಬರುವಾಗ ಕ್ಲಿಫರ್ಡ್ ತೆರೆಯ ಕಡೆ ಮುಖ ಮಾಡಿ ಬೆನ್ನು ನೆಟ್ಟಗಿಟ್ಟು ಕೂತಿದ್ದ. ಆ ಹೊತ್ತಿಗೆ ಮೊದಲೆಲ್ಲ, ಮೇಜಿನ ಮೇಲೆ ಕೋಲಿನಿಂದ ಚೆಂಡಿಗೆ ಚೆಂಡು ತಾಕಿಸುವ ಸ್ನೂಕರ್ ಆಟ ಬರುತ್ತಿತ್ತು. ಈಗ ಅದನ್ನು ಬೇರೆ ಹೊತ್ತಿಗೆ ಒಯ್ದಿದ್ದರು. ತೆರೆಯ ಮೇಲೆ ಒಬ್ಬಾಕೆ ಹಳೇ ಪಿಂಗಾಣಿ ಬಟ್ಟಲುಗಳನ್ನು ಒಂದೊಂದಾಗಿ ಮೇಜಿನ ಮೇಲಿಡುತ್ತಿದ್ದಳು. ಮಾತಿಲ್ಲ, ಬರೀ ಟಕ್, ಟಕ್.

"ಆಹಾ, ಎಂಥಾ ಹೊಡೆತ!" ಅಂದ ಕ್ಲಿಫರ್ಡ್.

ವಿನಿಫ್ರೆಡ್ ತೆರೆಯನ್ನು ನೋಡಿದಳು, ಅವನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬೀದಿಯ ಸುದ್ದಿಯೆಲ್ಲ ಹೊತ್ತು ತಿರುಗುವ ಹೆಂಗಸು ಅವಳು.

"ಹೌದು ಮಾರಾಯ, ಒಳ್ಳೇ ಹೊಡೆತಾನೇ," ಎಂದು ಬಿಸ್ಕತ್ತು ಚಹಾದಲ್ಲಿ ಅದ್ದಿದಳು.

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಅವಳ ಆ ಒಂದು ಮಾತಿಗೆ ನಾನು ಸಾಯುವವರೆಗೂ ಋಣಿ.

ಅವಳು ಹೋದ ಮೇಲೆ ನಾನು ಸುಮ್ಮನಿರಲಾಗದೆ ಅವನಿಗೆ ನಿಜ ಹೇಳಿದೆ.

"ಆ ರೋಸಲಿಂಡ್ ಇದ್ದಿದ್ರೆ ಏನು ಬರ್ತಿದೆ ಅಂತ ಹೇಳ್ತಿದ್ಲು," ಎಂದ.

"ನೀನೇ ಕೇಳು ಮತ್ತೆ. ಅವಳ ದನಿ ಬೇಕು ಅನ್ನು."

"ಯಾಕೆ ಬೇಕು ಅಂತ ಕೇಳ್ತಾರಲ್ಲ ಎನಿಡ್. ಆಗೇನು ಹೇಳಲಿ?"

ಅದೇ ವಾರ ಚಾನೆಲ್ಲಿನವರು ಚಾಪೆಲ್ಲಿನ ಹಾಲ್‌ನಲ್ಲಿ ವೀಕ್ಷಕರ ಸಭೆ ಕರೆದರು. ಹೋಯ್ಲ್ ಅವರು ಬರಲೇಬೇಕು, ಅವರಿಗೆ ನಾಲ್ಕು ಮಾತಿನ ಸನ್ಮಾನವಿದೆ ಅಂದರು.

ಹಾಲ್ ತುಂಬಿತ್ತು. ಚಾನೆಲ್ಲಿನ ಅಧಿಕಾರಿ, ತೆಳ್ಳಗಿನ ಯುವಕ, ಹೊಸ ಲಾಂಛನವನ್ನು ಪರದೆಯ ಮೇಲೆ ತೋರಿಸಿ ಹೇಗಿದೆ ಎಂದು ಕೇಳಿದ. ಕೇಳಬಾರದಿತ್ತು.

"ಯಾರೋ ಮಿಠಾಯಿ ಮೇಲೆ ಕೂತುಬಿಟ್ಟ ಹಾಗಿದೆ," ಅಂದಳು ವಿನಿಫ್ರೆಡ್.

"ಹಳೇದ್ರಲ್ಲಿ ಕುರಿ ಇತ್ತು. ಕುರಿ ಏನು ಮಾಡಿತ್ತಪ್ಪಾ ನಿಮಗೆ?" ಎಂದ ಹಿಂದಿನಿಂದ ಒಬ್ಬ ಮುದುಕ.

ನಗು ಅಡಗಿದ ಮೇಲೆ ಯುವಕ ಬೆವರು ಒರೆಸಿಕೊಂಡು, "ಒಂದು ವಿಷಯದಲ್ಲಾದರೂ ನಿಮಗೆಲ್ಲ ಖುಷಿಯಾಗಿದೆ. ಆ ಮಾತು ನಿಲ್ಲಿಸಿದವರು ಇಲ್ಲೇ ಇದ್ದಾರೆ," ಎಂದು ಕ್ಲಿಫರ್ಡನ ಹೆಸರು ಕರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಲಿಫರ್ಡ್ ಎದ್ದು ನಿಂತ. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದ. ಥ್ಯಾಂಕ್ಸ್ ಎಂದು ಕೂತುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಚಪ್ಪಾಳೆ ಸಾಕು," ಅಂದ. "ನಂಗೆ ಕಣ್ಣು ಕಾಣಲ್ಲ. ನಿಮ್ಮ ಮುಖ ಯಾವುದೂ ಕಾಣ್ತಿಲ್ಲ. ಮೊನ್ನೆ ಚಹಾ ಬಟ್ಟಲಿನ ಸದ್ದು ಕೇಳಿ ಸ್ನೂಕರ್ ಅಂದ್ಕೊಂಡೆ. ಆ ಹೆಂಗಸಿದ್ದಾಗ ಯಾವುದು ಮುಗೀತು, ಯಾವುದು ಬಂತು ಅಂತ ಗೊತ್ತಾಗ್ತಿತ್ತು. ಅವಳನ್ನ ಬೈದೆ, ಓಡಿಸಿದೆ. ಹೆಸರುಗಳು ದೊಡ್ಡದಾಗೇ ಇರಲಿ. ಅವಳನ್ನ ಮಾತ್ರ ವಾಪಸ್ ಕರೀರಿ."

ನನಗೆ ಅಳು ಬಂತು, ಅದರ ಜೊತೆಗೆ ಹೆಮ್ಮೆಯೂ ಬಂತು. ಯಾರೂ ಪಾಪ ಅನ್ನಲಿಲ್ಲ.

"ನೀನು ಪೀಡಿಸಿದೆ ಅಂತ ಸಹಿ ಹಾಕಿದ್ದು ಮಾರಾಯ. ನಂಗೂ ಅವಳಿಲ್ದೆ ಮನೆ ಬಿಕೋ ಅನ್ನತ್ತೆ," ಎಂದು ವಿನಿಫ್ರೆಡ್ ಕೈ ಎತ್ತಿದಳು. ಒಬ್ಬೊಬ್ಬರಾಗಿ ಕೈಗಳು ಎದ್ದವು. ಯುವಕ ಪಕ್ಕದಲ್ಲಿದ್ದ ಹಿರಿಯ ಅಧಿಕಾರಿಯ ಜೊತೆ ಪಿಸುಗುಟ್ಟಿ, ಮುಂದಿನ ತಿಂಗಳಿಂದ ದನಿ ಇರುತ್ತದೆ, ಹೆಸರುಗಳೂ ದೊಡ್ಡದಾಗೇ ಇರುತ್ತವೆ ಎಂದು ಒಪ್ಪಿಕೊಂಡ.

ಚಹಾ ಕೊಡುವಾಗ ನೀಲಿ ಸ್ವೆಟರ್ ತೊಟ್ಟ ನಡುವಯಸ್ಸಿನ ಹೆಂಗಸೊಬ್ಬಳು ನಮ್ಮ ಬಳಿ ಬಂದು ನಿಂತಳು. "ಹೋಯ್ಲ್ ಅವರೇ," ಅಂದಳು, ಅಷ್ಟೇ. ಕ್ಲಿಫರ್ಡನ ಕೈಯ ಬಟ್ಟಲು ಅರ್ಧದಲ್ಲೇ ನಿಂತಿತು.

"ರೋಸಲಿಂಡ್," ಅಂದ. "ಕೇಳಿಸ್ಕೊಂಡ್ಯಾ ತಾಯಿ?"

"ಕೇಳಿಸ್ಕೊಂಡೆ. ನೀವು ಫೋನಲ್ಲಿ ಬೈತಿದ್ದನ್ನೂ ಆಫೀಸಿನೋರು ನಂಗೆ ಹೇಳ್ತಿದ್ರು. ಕಿಟಕಿ ಇಲ್ಲದ ಒಂದು ಕೋಣೇಲಿ ಒಬ್ಬಳೇ ಕೂತು ಮೈಕಿಗೆ ಮಾತಾಡೋ ಕೆಲಸ ನಂದು. ಯಾರು ಕೇಳ್ತಾರೆ ಅಂತ ಗೊತ್ತಾಗಲ್ಲ. ನಾನಂದ ಒಂದೊಂದು ಮಾತನ್ನೂ ಬಿಡದೆ ಕೇಳೋರು ಒಬ್ರಿದಾರೆ ಅಂತ ಗೊತ್ತಾಗಿದ್ದು ನಿಮ್ಮಿಂದ. ನಿಮ್ಮನ್ನ ನೋಡಿ ಥ್ಯಾಂಕ್ಸ್ ಹೇಳಬೇಕು ಅಂತಾನೇ ಬಂದೆ."

ಕ್ಲಿಫರ್ಡ್ ಬಟ್ಟಲು ನನ್ನ ಕೈಗೆ ಕೊಟ್ಟು, ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಹೇಳಮ್ಮಾ ಹಾಗಾದ್ರೆ," ಅಂದ. "ಇವತ್ತು ಸಂಜೆ ಏನೇನಿದೆ?"

ಅವಳು ಹೇಳತೊಡಗಿದಳು. ಅವನು ಕೊನೆಯವರೆಗೂ ಕೇಳಿದ.