ಮನ್ಮಥಪ್ಪನ ಸೆರಗು

ರವಿಕಾಂತ ಅಪ್ಪನ ಹೆಗಲ ಮೇಲಿಂದ ಸೀರೆ ಎಳೆದ. ಕಸ್ತೂರಬಾಯಿ ಇನ್ನೊಂದು ತುದಿ ಬಿಡಲಿಲ್ಲ. ಅಪ್ಪನ ಹೆಣದ ಮುಂದೆಯೇ ತಾಯಿ ಮಗ ಹಸಿರು ಇಳಕಲ್ ಸೀರೆಯನ್ನು ಜಗ್ಗಾಡುತ್ತಿದ್ದರೆ, ಗೋಡೆಗೆ ಆನಿಸಿ ಕೂಡಿಸಿದ್ದ ಮನ್ಮಥಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು ಸುಮ್ಮನೆ ಕೂತಿದ್ದ.

"ಅವ್ವಾ, ಬಿಡು. ಹೊರಗ ಗುರಣ್ಣನ ಮಂದಿ ಬಂದಾರ. ಮೊಬೈಲ್ ಹಿಡಕೊಂಡೇ ಬಂದಾರ."

"ಬರಲಿ. ಹೋಗೋ ಮುಂದ ಹೆಗಲ ಮ್ಯಾಲ ಒಂದ ಸೆರಗ ಇರಲಿ ಅಂತ ಅಂವಾ ನನ್ನ ಕೇಳ್ಯಾನ. ಬ್ಯಾರೆ ಏನೂ ಕೇಳಿಲ್ಲ."

"ನಾ ಈ ಉಮರ್ಗಾ ಊರಾಗೇ ಬಾಳೇ ಮಾಡಬೇಕಲ್ಲ, ಅವ್ವಾ."

ಆ ಮಾತಿಗೆ ಅವಳ ಕೈ ಸಡಿಲಾಯಿತು. ಲಿಂಗ ಕಟ್ಟುವ ಅವರ ಮಂದಿಯಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನ ವಿಮಾನದಲ್ಲಿ ಕೂಡಿಸಿ, ಮುಖ ತೆರೆದಿಟ್ಟು, ಬಜಾರದ ನಡುವೆಯೇ ಒಯ್ಯುತ್ತಾರೆ. ಹೆಗಲ ಮೇಲೆ ಏನಿದ್ದರೂ ಊರೆಲ್ಲ ನೋಡುತ್ತದೆ. ಮಗ ಹೆದರಿದ್ದು ಅದಕ್ಕೇ, ಅವಳು ಹಟ ಹಿಡಿದದ್ದೂ ಅದಕ್ಕೇ.

*

ಮನ್ಮಥಪ್ಪನದು ಸೀರೆ ಅಂಗಡಿ. ಗಾದಿಯ ಮೇಲೆ ಹರವಿಟ್ಟರೆ ಸೀರೆಯ ಅಂದ ತಿಳಿಯುತ್ತದೆಯೇ ಎಂದು, ಧೋತರ ಅಂಗಿಯ ಮೇಲೆ ತಾನೇ ನಿರಿಗೆ ಹಿಡಿದು, ಸೆರಗು ಹೊದ್ದು ತೋರಿಸುವವನು. ಎಲ್ಲ ಸೀರೆ ಅಂಗಡಿಯವರೂ ಮಾಡುವ ಕೆಲಸವೇ ಅನ್ನಿ. ಆದರೆ ಇವನು ಮಾಡುವಾಗಿನ ಖುಷಿಯೇ ಬೇರೆ. ಕೊನೆಯ ಗಿರಾಕಿ ಹೋದ ಮೇಲೂ ಸೆರಗು ತೆಗೆಯದೆ ಕನ್ನಡಿ ಮುಂದೆ ನಿಲ್ಲುತ್ತಿದ್ದ. ನನಗ ಒಪ್ಪತದೇನ ಎಂದು ಕೇಳಿದರೆ, ನನಗಿಂತ ಛಲೋ ಒಪ್ಪತದ, ನಿನ್ನ ಸುಡಲಿ ಎಂದು ಕಸ್ತೂರಬಾಯಿ ನಗುತ್ತಿದ್ದಳು. ಗಂಡ ಪೂರಾ ತಾನಾಗಿ, ಪೂರಾ ಸಂತೋಷವಾಗಿ ಇದ್ದದ್ದು ಅಷ್ಟು ಹೊತ್ತು ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಬೇಸರ ಎಂದೂ ಆಗಲಿಲ್ಲ.

ಆ ಸೀಮೆಯ ಊರುಗಳನ್ನೇ ನೆಲಸಮ ಮಾಡಿದ ಭೂಕಂಪದ ಮರುವರ್ಷ ಲೋಹಾರಾ ಕಡೆಯ ಶೇವಂತಾಬಾಯಿ ಅಂಗಡಿಗೆ ಬಂದಳು. ಮನೆಮಂದಿಯನ್ನೆಲ್ಲ ಮಣ್ಣಿನಡಿ ಕಳಕೊಂಡು ಮಾತೇ ಬಿಟ್ಟವಳು. ಉಳಿದ ಒಬ್ಬಳೇ ತಂಗಿಯ ಮಗಳ ಮದುವೆಗೆ ಸೀರೆ ಬೇಕಿತ್ತು, ಬಾಯಿ ಬಿಡಲೊಲ್ಲಳು. ಮನ್ಮಥಪ್ಪ ಒಂದೊಂದೇ ಉಟ್ಟು, ಮದುಮಗಳಂತೆ ತಲೆ ತಗ್ಗಿಸಿ, ಅತ್ತೆಯಂತೆ ಸೊಂಟಕ್ಕೆ ಕೈಯಿಟ್ಟು ಅಂಗಡಿ ತುಂಬ ನಡೆದಾಡಿದ. ಅವಳು ನಕ್ಕೇ ಬಿಟ್ಟಳು, ನಕ್ಕು ಅತ್ತಳು. ಬಾಗಿಲಲ್ಲಿ ನಿಂತಿದ್ದ ಊರೂ ನಕ್ಕಿತ್ತು. ಆಗ ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ತಪ್ಪು ಹುಡುಕಿದವನು ಗುರಣ್ಣ, ಅದೂ ಇತ್ತೀಚೆಗೆ. ಗಂಡುಹುಡುಗರಿಗೂ ರೊಟ್ಟಿ ಬಡಿಯಲು ಕಲಿಸಿರಿ, ಹೆಣ್ಣಾಗಿ ಬಾಳುವ ಗಂಡಿಗೂ ಮಾನ ಕೊಡಿರಿ ಎಂದು ಒಂದು ಶಾಲೆಯಲ್ಲಿ ಯಾರೋ ಟೀಚರಮ್ಮ ಹೇಳಿದ್ದೇ ಸಾಕಾಯಿತು. ಇಲೆಕ್ಷನ್ನಿಗೆ ನಿಂತಿದ್ದ ಗುರಣ್ಣ ಸಂಸ್ಕೃತಿ ಮುಳುಗಿತು ಎಂದು ಓಣಿ ಓಣಿ ಭಾಷಣ ಮಾಡಿದ. ಬೆರಳು ಮಾಡಿ ತೋರಿಸಲು ಅವನಿಗೊಂದು ಮುಖ ಬೇಕಿತ್ತು. ಸೆರಗು ಹೊದ್ದ ಮನ್ಮಥಪ್ಪನ ವಿಡಿಯೊ ನಿಲಂಗಾ, ಉದಗೀರದ ತನಕ ಓಡಿತು. ಬಜಾರದಲ್ಲಿ ಗುರಣ್ಣನ ಹುಡುಗರು ಅವನನ್ನು ಹಿಡಿದು ನಿಲ್ಲಿಸಿ ಬಳೆ ತೊಡಿಸಿದರು. ಅಂಗಡಿಗೆ ಬೀಗ ಬೀಳಬಾರದೆಂದು ರವಿಕಾಂತನೇ ಅಪ್ಪನನ್ನು ಮೊಬೈಲಿನ ಮುಂದೆ ಕೂಡಿಸಿ ಮಾಫಿ ಕೇಳಿಸಿದ. "ನಾ ಗಂಡಸ. ಇನ್ನ ಮ್ಯಾಲ ಸೀರಿ ಉಡಂಗಿಲ್ಲ."

ಗುರಣ್ಣ ಗೆದ್ದ. ಸೀರೆ ಉಡಿಸಿ ತೋರಿಸಲು ಅಂಗಡಿಗೆ ಪ್ಲಾಸ್ಟಿಕ್ ಗೊಂಬೆ ಬಂತು. ಮನ್ಮಥಪ್ಪ ಗಾದಿಯ ಮೇಲೆ ಎರಡೂ ಕೈ ತೊಡೆಯ ಸಂದಿಯಲ್ಲಿಟ್ಟು ಕೂರತೊಡಗಿದ. ಊಟ ಬಿಟ್ಟ, ಹೆಂಡತಿಗೆ ಆ ಸೆರಗಿನ ಮಾತೊಂದು ಹೇಳಿ ಮಾತೂ ಬಿಟ್ಟ. ಒಂದು ಬೆಳಗ್ಗೆ ಏಳಲಿಲ್ಲ.

*

ವಿಮಾನ ಹೊರಡುವ ಮುಂದೆ ಗುರಣ್ಣ ಹಾರ ಹಾಕಿ, ತನ್ನ ಪಕ್ಷದ ಶಾಲನ್ನು ಹೆಣದ ಹೆಗಲಿಗೆ ಹೊಚ್ಚಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಮುಪ್ಪಾದ ಶೇವಂತಾಬಾಯಿ ಬಸ್ಸಿಳಿದು ಬಂದವಳು ಅದನ್ನು ನೋಡಿ ನಿಂತಳು.

"ಇದ್ಯಾರ ಅರಿವಿ ಹೊಚ್ಚೀರಿ ನಮ್ಮ ಸಾವಕಾರಗ?"

ಕಸ್ತೂರಬಾಯಿ ಸೀರೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ನಡೆದಳು.

ಹೆಂಗಸರು ರುದ್ರಭೂಮಿಯ ಅಂಚಿನ ಬೇವಿನ ಮರದ ಕೆಳಗೆ ನಿಂತರು. ಕುಣಿಯೊಳಗೆ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಕಡೆಯ ಪೂಜೆ ಮಾಡುವಾಗ, ನಾಲ್ವರು ಸುತ್ತ ಬಟ್ಟೆ ಹಿಡಿದು ಮರೆ ಮಾಡಬೇಕು. ಆ ಬಟ್ಟೆ ಮನೆಗೆ ಬರುವುದಿಲ್ಲ, ಕುಣಿಗೇ ಹೋಗುತ್ತದೆ. ಮರೆ ಎಲ್ಲಿ ಎಂದು ಪೂಜೆ ಮಾಡಿಸುವ ಅಯ್ಯನವರು ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಫೋಟೋದ ಗದ್ದಲದಲ್ಲಿ ಅದು ಮನೆಯಲ್ಲೇ ಉಳಿದಿತ್ತು.

ಕಸ್ತೂರಬಾಯಿ ಮರದ ಕೆಳಗಿಂದ ನಡೆದು ಬಂದಳು.

"ತಗೋರಿ."

ಗುರಣ್ಣ ಏನೋ ಹೇಳಲು ಬಾಯಿ ತೆರೆದ. ಹೊತ್ತು ಮೀರಲಿಕ್ಕತ್ತದ, ಹಿಡೀರಿ ಎಂದು ಅಯ್ಯನವರು ಗದರಿದರು. ಬಳೆ ತೊಡಿಸಿದ್ದ ಹುಡುಗರೇ ಮೊಬೈಲು ಕಿಸೆಗಿಟ್ಟು ಹಸಿರು ಸೀರೆಯ ಅಂಚು ಹಿಡಿಯಬೇಕಾಯಿತು. ಸೆರಗಿನ ತುದಿ ರವಿಕಾಂತನ ಪಾಲಿಗೆ ಬಂತು.

ಪೂಜೆ ಮುಗಿಯಿತು. ಮೂವರೂ ಕೈಬಿಟ್ಟರು. ರವಿಕಾಂತ ಬಿಡಲಿಲ್ಲ. ಅವನ ಬೆರಳುಗಳು ಅಪ್ಪ ಕಲಿಸಿದಂತೆ ಸೆರಗನ್ನು ಒಂದರ ಮೇಲೊಂದು ನಿರಿಗೆ ಹಿಡಿದವು. ಅವನು ಕುಣಿಯ ಅಂಚಿಗೆ ಮೊಣಕಾಲೂರಿ, ಅಪ್ಪನ ಹೆಗಲಿನತ್ತ ಕೈ ಚಾಚಿದ.

ಗುರಣ್ಣ ಕೆಮ್ಮಿದ.

ರವಿಕಾಂತನ ಬೆರಳು ಬಿಚ್ಚಿದವು. ನಿರಿಗೆಗಳು ಒಂದೊಂದಾಗಿ ಸಡಿಲಾಗಿ ಸೆರಗು ಮನ್ಮಥಪ್ಪನ ಕಾಲ ಬಳಿ ಬಿತ್ತು. ಹೆಗಲ ಮೇಲಿನ ಶಾಲು ಹಾಗೆಯೇ ಇತ್ತು, ಮೇಲಿಂದ ಮಣ್ಣು ಬೀಳತೊಡಗಿತು.